ಮೇಲಿನ ಮಾಡದ ಸಕ್ಕರೆ ಡಬ್ಬಿ

ದೇವದುರ್ಗದ ನಮ್ಮ ಹಳೆಯ ಮನೆಯ ಅಡುಗೆಕೋಣೆಯ ಗೋಡೆಯಲ್ಲಿ ಎರಡು ಮಾಡಗಳಿದ್ದವು. ಕೆಳಗಿನದರಲ್ಲಿ ಉಪ್ಪಿನ ಮಡಕೆ, ಖಾರದ ಡಬ್ಬಿ, ಒಂದು ಗಡಿಗೆಯಲ್ಲಿ ಒಡೆದಿಟ್ಟ ಬೆಲ್ಲ. ಮೇಲಿನದರಲ್ಲಿ ಒಂದೇ ಒಂದು ಹಿತ್ತಾಳೆಯ ಡಬ್ಬಿ. ಅದು ಸಕ್ಕರೆಯದು. ನಾವು ಮಕ್ಕಳು ಮಣೆಯ ಮೇಲೆ ನಿಂತರೂ ಕೈಗೆ ಸಿಗದಷ್ಟು ಎತ್ತರ. ಅವ್ವ ಅದನ್ನು ಇಳಿಸುತ್ತಿದ್ದಳೆಂದರೆ ಮನೆಗೆ ಯಾರೋ ಬಂದಿದ್ದಾರೆ ಎಂದೇ ಅರ್ಥ. ಬಂದವರಿಗೆ ಸಕ್ಕರೆ ಚಹಾ, ಮನೆಯವರಿಗೆ ಬೆಲ್ಲದ ಚಹಾ, ಮಕ್ಕಳಿಗೆ ಅದೂ ಇಲ್ಲ. ಅಪ್ಪನ ಹೆಡ್‌ಮಾಸ್ತರರು ಬಂದ ದಿನ ನಾವು ಬಾಗಿಲ ಸಂದಿಯಲ್ಲಿ ನಿಂತು, ಅವರು ಕಪ್ಪಿನ ತಳದಲ್ಲಿ ಕರಗದ ಸಕ್ಕರೆ ಬಿಟ್ಟು ಹೋಗಲಿ ಎಂದು ದೇವರಿಗೆ ಬೇಡಿಕೊಳ್ಳುತ್ತಿದ್ದೆವು.

ಈಗ ನನಗೆ ಐವತ್ತು ದಾಟಿದೆ. ಸಕ್ಕರೆ ಬಿಟ್ಟು ನಾಲ್ಕು ವರ್ಷ ಮೀರಿತು. ಪೂರ್ತಿ ಬಿಟ್ಟೆ ಎಂದರೆ ಸುಳ್ಳಾದೀತು, ಬಹಳ ಕಡಿಮೆ ಮಾಡಿದೆ ಎನ್ನಬೇಕು. ಬಿಟ್ಟದ್ದು ಯಾವುದನ್ನು ಎಂದು ತಿಳಿಯಲು ಹೋದಾಗ ಅದು ನಮ್ಮ ಮನೆಗೆ ಬಂದದ್ದು ಹೇಗೆ ಎಂಬ ಪ್ರಶ್ನೆ ಎದ್ದಿತು. ಇತಿಹಾಸ ಕಲಿಸುವವಳಲ್ಲವೇ, ಚಟ ಬಿಡುವುದಿಲ್ಲ.

ಡಬ್ಬಿ ಮೇಲಿನ ಮಾಡಕ್ಕೆ ಏರಿದ್ದಕ್ಕೆ ಕಾರಣ ಅವ್ವನ ಜಿಪುಣತನ ಅಂತಲೇ ನಾನು ಬಹಳ ದಿನ ತಿಳಿದಿದ್ದೆ. ಕಾರಣ ದಿಲ್ಲಿಯಲ್ಲಿತ್ತು. 1978ರಲ್ಲಿ ಕೇಂದ್ರ ಸರಕಾರ ಸಕ್ಕರೆಯ ಮೇಲಿನ ಹತೋಟಿಯನ್ನು ತೆಗೆದುಹಾಕಿತು. ಬೆಲೆ ಕುಸಿಯಿತು, ಕಬ್ಬಿಗೆ ಹಣ ಬಾರದೆ ರೈತರು ಬೇರೆ ಬೆಳೆಗೆ ಹೊರಳಿದರು, ಮೇಲೆ ಮಳೆಯೂ ಕೈಕೊಟ್ಟಿತು. 1977-78ರಲ್ಲಿ ಸುಮಾರು 65 ಲಕ್ಷ ಟನ್ ಇದ್ದ ದೇಶದ ಉತ್ಪಾದನೆ 1979-80ರಲ್ಲಿ 39 ಲಕ್ಷ ಟನ್ನಿನ ಆಸುಪಾಸಿಗೆ ಇಳಿಯಿತು. ಪೇಟೆಯಲ್ಲಿ ದರ ಮುಗಿಲು ಮುಟ್ಟಿತು. 1979ರ ಡಿಸೆಂಬರಿನಲ್ಲಿ ಮತ್ತೆ ಹತೋಟಿ, ಮತ್ತೆ ಲೇವಿ ಸಕ್ಕರೆ, ಮತ್ತೆ ರೇಷನ್ ಅಂಗಡಿಯ ಸಾಲು. ಆಗ ನಾನು ನಾಲ್ಕನೆಯ ಇಯತ್ತೆ. ಕೈಯಲ್ಲಿ ಚೀಲ, ಕಂಕುಳಲ್ಲಿ ಕಾರ್ಡು ಹಿಡಿದು ಸಾಲಿನಲ್ಲಿ ನಿಲ್ಲುವ ಕೆಲಸ ನನ್ನದು. ನಮ್ಮ ಏಳು ಜನರ ಕಾರ್ಡಿಗೆ ತಿಂಗಳಿಗೆ ಎರಡು ಕಿಲೋ ಸಿಕ್ಕರೆ ಅದೇ ಹೆಚ್ಚು. ಲೆಕ್ಕ ಹಾಕಿ ನೋಡಿ: ತಲೆಗೆ ದಿನಕ್ಕೆ ಹತ್ತು ಗ್ರಾಂ ಕೂಡ ಇಲ್ಲ, ಎರಡು ಚಮಚ. ಆ ಎರಡರಲ್ಲಿ ಒಂದನ್ನು ಅತಿಥಿಗಳು ಕುಡಿದು ಹೋಗುತ್ತಿದ್ದರು. ಮದುವೆ ಇದ್ದವರು ಲಗ್ನಪತ್ರಿಕೆ ಹಿಡಿದು ತಹಶೀಲ ಕಚೇರಿಗೆ ಹೋಗಿ ಹೆಚ್ಚಿನ ಸಕ್ಕರೆಗೆ ಪರ್ಮಿಟ್ ಬರೆಸಿಕೊಂಡು ಬರುತ್ತಿದ್ದರೆಂದು ಹಿರಿಯರು ಹೇಳುತ್ತಿದ್ದರು. ಈಗಿನ ಹುಡುಗಿಯರಿಗೆ ಹೇಳಿದರೆ ನಗುತ್ತಾರೆ.

ಅಜ್ಜಿಗೆ ಆ ಎರಡು ಕಿಲೋ ಕೂಡ ಶ್ರೀಮಂತಿಕೆಯಾಗಿ ಕಾಣುತ್ತಿತ್ತು. ಆಕೆಯದು ನಿಜಾಮರ ಕಾಲ. ನಮ್ಮದು ಎರೆಭೂಮಿ, ಜೋಳ, ಹತ್ತಿ, ಸಜ್ಜೆಯ ಸೀಮೆ. ನೀರಿಲ್ಲದ ಮೇಲೆ ಕಬ್ಬೆಲ್ಲಿಂದ ಬರಬೇಕು? ಬೆಲ್ಲ ಕೂಡ ಸಂತೆಗೆ ಹೊರಗಿನಿಂದಲೇ ಬರಬೇಕು, ಪೆಂಟಿ ಪೆಂಟಿಯಾಗಿ. "ಹಬ್ಬಕ್ಕ ಹೋಳಿಗಿ, ಅಮಾಸಿಗೆ ಮಾದಲಿ, ಬಾಣಂತಿಗೆ ಅಳವಿ ಉಂಡಿ. ಅದರ ಮ್ಯಾಲೆ ಸಿವಿ ಅಂದ್ರ ಯಾರಿಗೆ ಗೊತ್ತಿತ್ತವ್ವಾ" ಎನ್ನುತ್ತಿದ್ದಳು. ಬಿಳಿ ಸಕ್ಕರೆಯನ್ನು ಆಕೆ ಕಂಡದ್ದು ವರ್ಷಕ್ಕೆರಡು ಸಲ. ಒಂದು ಅಲಾಯಿ ಹಬ್ಬಕ್ಕೆ, ದೇವರ ಮುಂದೆ ಸಕ್ಕರೆ ಓದಿಸುವಾಗ. ನಮ್ಮ ಭಾಗದಲ್ಲಿ ಮೊಹರಂ ಎಲ್ಲರದೂ ಹಬ್ಬ. ಪೀರಲ ದೇವರಿಗೆ ಹರಕೆ ಹೊತ್ತವರಲ್ಲಿ ಹಿಂದೂಗಳೇ ಹೆಚ್ಚಿರುತ್ತಾರೆ. ಓದಿಸಿ ತಂದ ಸಕ್ಕರೆಯನ್ನು ಚಿಟಿಕೆ ಚಿಟಿಕೆಯಾಗಿ ಓಣಿಗೆಲ್ಲ ಹಂಚಬೇಕು. ಇನ್ನೊಂದು ಗೌರಿ ಹುಣ್ಣಿಮೆಗೆ, ಸಕ್ಕರೆ ಆರತಿಗೆ. ಕಟ್ಟಿಗೆಯ ಅಚ್ಚಿನಲ್ಲಿ ಪಾಕ ಹೊಯ್ದು ಆನೆ, ಕುದುರೆ, ತೇರು, ಬಸವಣ್ಣ ಮಾಡಿ, ಹೆಣ್ಣುಮಕ್ಕಳು ತಟ್ಟೆಯಲ್ಲಿಟ್ಟುಕೊಂಡು ಗೌರವ್ವನಿಗೆ ಬೆಳಗಲು ಹೋಗುತ್ತಿದ್ದರು. ಒಂದು ಆನೆಯ ಸೊಂಡಿಲನ್ನು ಎಂಟು ದಿನ ಚೀಪಿದ ನೆನಪು ನನಗೂ ಇದೆ. ದೇವರಿಗೆ ಸಲ್ಲುವಷ್ಟು ದುಬಾರಿ ವಸ್ತು ಅದು, ಆದ್ದರಿಂದಲೇ ಮೈಗೆ ಹತ್ತಲಿಲ್ಲ.

ಪುಸ್ತಕದ ಇತಿಹಾಸಕ್ಕೆ ಬಂದರೆ ನಮ್ಮ ದೇಶ ಸಕ್ಕರೆಯ ತವರು. ಸಂಸ್ಕೃತದ ಶರ್ಕರಾ ಎಂದರೆ ಮೂಲದಲ್ಲಿ ಗರಸು, ಹರಳು. ಅದೇ ಕನ್ನಡದ ಸಕ್ಕರೆ, ಅರಬರ ಸುಕ್ಕರ್, ಇಂಗ್ಲಿಷಿನ ಶುಗರ್. ಮಕ್ಕಳು ತಿನ್ನುವ ಕ್ಯಾಂಡಿ ಕೂಡ ನಮ್ಮ ಖಂಡವೇ. ಅಲೆಕ್ಸಾಂಡರನ ಜೊತೆ ಬಂದಿದ್ದ ನಿಯಾರ್ಕಸ್, ಜೇನುನೊಣವಿಲ್ಲದೆ ಜೇನು ಕೊಡುವ ಜೊಂಡು ಈ ದೇಶದಲ್ಲಿದೆ ಎಂದು ಬೆರಗಾದನಂತೆ. ಇನ್ನೊಂದು ಸಂಗತಿ ನಾವು ಹೆಮ್ಮೆಯಿಂದ ಹೇಳುವುದಿಲ್ಲ: ಮಧುಮೇಹವನ್ನು ಗುರುತಿಸಿದ ಮೊದಲಿಗರಲ್ಲೂ ನಮ್ಮ ವೈದ್ಯರಿದ್ದಾರೆ. ರೋಗಿಯ ಮೂತ್ರಕ್ಕೆ ಇರುವೆ ಮುತ್ತುವುದನ್ನು ಅವರು ಕಂಡಿದ್ದರು. ಸುಶ್ರುತ ಹೇಳುವ ಚಿಕಿತ್ಸೆ ಓದಿದಾಗ ನನಗೆ ನಗು ಬಂತು, ಆಮೇಲೆ ಬರಲಿಲ್ಲ. ಬಡ ರೋಗಿಯಾದರೆ ಕಾಲಿಗೆ ಕೆರವಿಲ್ಲದೆ, ತಲೆಗೆ ಕೊಡೆಯಿಲ್ಲದೆ, ಭಿಕ್ಷೆ ಉಂಡುಕೊಂಡು ನೂರು ಯೋಜನ ನಡೆಯಲಿ, ಒಂದೂರಲ್ಲಿ ಒಂದೇ ರಾತ್ರಿ ತಂಗಲಿ, ಇಲ್ಲವೇ ಬಾವಿ ತೋಡಲಿ ಎನ್ನುತ್ತಾನೆ. ಉಣ್ಣುವುದು ಕಡಿಮೆ, ನಡೆಯುವುದು ಹೆಚ್ಚು. ಈಗಿನ ಡಾಕ್ಟರು ಹೇಳುವುದೂ ಅದೇ, ಫೀಸು ಬೇರೆ ಅಷ್ಟೆ.

ಸಕ್ಕರೆ ಅಗ್ಗವಾದದ್ದರ ಕತೆ ಮಾತ್ರ ಕಹಿ. ಯುರೋಪಿನ ಚಹಾ ಕಪ್ಪಿಗೆ ಸಿಹಿ ಬೆರೆಸಲು ಆಫ್ರಿಕದ ಲಕ್ಷಾಂತರ ಜನರನ್ನು ಗುಲಾಮರನ್ನಾಗಿ ಹಿಡಿದು ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಕ್ಕೆ ಸಾಗಿಸಿದರು. ಇದು ನಮ್ಮ ಪಠ್ಯದಲ್ಲಿ ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ಬರದೇ ಇರುವ ಸಂಗತಿ, ಸಕ್ಕರೆಯನ್ನು ಮೊದಲು ಒಟ್ಟಾಗಿ ಬಿಟ್ಟವರಲ್ಲಿ ಗೃಹಿಣಿಯರೇ ಮುಂದಿದ್ದರು ಎಂಬುದು. 1791ರಲ್ಲಿ ವಿಲಿಯಂ ಫಾಕ್ಸ್ ಎಂಬವನ ಕರಪತ್ರ ಓದಿ ಇಂಗ್ಲೆಂಡಿನ ಮನೆಮನೆಯಲ್ಲಿ ಹೆಂಗಸರು ಗುಲಾಮರ ಸಕ್ಕರೆ ಬೇಡವೆಂದರು. ಮೂರು ಲಕ್ಷ ಜನ ಬಿಟ್ಟರೆಂದು ಆ ಕಾಲದ ಹೋರಾಟಗಾರ ಕ್ಲಾರ್ಕ್‌ಸನ್ನನ ಅಂದಾಜು. ಅವರಿಗೆ ಓಟಿನ ಹಕ್ಕಿರಲಿಲ್ಲ, ಪಾರ್ಲಿಮೆಂಟಿಗೆ ಪ್ರವೇಶವಿರಲಿಲ್ಲ. ಕೈಯಲ್ಲಿದ್ದದ್ದು ಅಡುಗೆಮನೆಯ ಡಬ್ಬಿಯೊಂದೇ. 1824ರಲ್ಲಿ ಲೆಸ್ಟರ್ ಪಟ್ಟಣದ ಎಲಿಜಬೆತ್ ಹೆರಿಕ್ ಎಂಬಾಕೆ, ಗುಲಾಮಗಿರಿ ನಿಧಾನಕ್ಕಲ್ಲ, ಈಗಲೇ ಹೋಗಬೇಕು ಎಂದು ಪುಸ್ತಿಕೆ ಬರೆದಳು. ಕಿರಾಣಿ ಅಂಗಡಿಗಳಿಗೆ ಹೋಗಿ ಆ ಸಕ್ಕರೆ ಮಾರಬೇಡಿ ಎಂದಳು. ಗುಲಾಮರು ಮಾಡದ ಈಸ್ಟ್ ಇಂಡಿಯಾ ಸಕ್ಕರೆ ಎಂದು ಬರೆದ ಬಟ್ಟಲುಗಳನ್ನು ಮೇಜಿನ ಮೇಲಿಡುವ ರೂಢಿ ಬಂತು. ಅಂದರೆ ನಮ್ಮ ದೇಶದ ಸಕ್ಕರೆ! ಗುಲಾಮಗಿರಿ ರದ್ದಾಗುವ ಕಾನೂನು 1833ರಲ್ಲಿ ಬಂತು. ಮರುವರ್ಷವೇ ಮಾರಿಷಸ್ಸಿನ ಕಬ್ಬಿನ ತೋಟಗಳಿಗೆ ಕರಾರಿನ ಕೂಲಿಗಳಾಗಿ ನಮ್ಮ ಜನರ ಹಡಗು ಹೊರಟಿತು. ಅಷ್ಟು ದೂರವೇಕೆ, ಪಕ್ಕದ ಮಹಾರಾಷ್ಟ್ರದ ಬೀಡ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಹೆಂಗಸರ ಬಗ್ಗೆ 2019ರಲ್ಲಿ ಅಲ್ಲಿನ ಸರಕಾರ ನೇಮಿಸಿದ ಸಮಿತಿಯ ಸಮೀಕ್ಷೆ ಓದಿದೆ. ವಿಚಾರಿಸಿದ 82 ಸಾವಿರ ಹೆಂಗಸರಲ್ಲಿ 13 ಸಾವಿರಕ್ಕೂ ಹೆಚ್ಚು ಜನ ಗರ್ಭಕೋಶ ತೆಗೆಸಿಕೊಂಡಿದ್ದರು. ಕೂಲಿ ತಪ್ಪಬಾರದು, ಮುಟ್ಟಿನ ತೊಂದರೆ ಇರಬಾರದು ಎಂಬುದು ಅದರ ಹಿಂದಿದ್ದ ಕಾರಣಗಳಲ್ಲೊಂದು. ಆ ರಾತ್ರಿ ಚಹಾ ಮಾಡಲು ಮನಸ್ಸಾಗಲಿಲ್ಲ.

ನಮ್ಮ ಕಡೆಗೆ ಗಿರಣಿ ಸಕ್ಕರೆ ಬಂದದ್ದು 1930ರ ದಶಕದಲ್ಲಿ. ಅದಕ್ಕೂ ಮುಂಚೆ ಬಿಳಿ ಸಕ್ಕರೆ ಬಹುಪಾಲು ಜಾವಾದಿಂದ ಹಡಗಿನಲ್ಲಿ ಬರುತ್ತಿತ್ತು. 1932ರ ಕಾಯಿದೆ ಹೊರಗಿನ ಸಕ್ಕರೆಗೆ ಸುಂಕ ಹಾಕಿದ್ದೇ ತಡ, ದೇಶದ ತುಂಬ ಕಾರ್ಖಾನೆಗಳೆದ್ದವು. ಮಂಡ್ಯದ ಮೈಸೂರು ಸಕ್ಕರೆ ಕಂಪನಿ 1933ರದು. ಕನ್ನಂಬಾಡಿಯ ನೀರು ಅದರ ಬೆನ್ನಿಗಿತ್ತು. ನಮ್ಮದು ಹೈದರಾಬಾದ್ ಸಂಸ್ಥಾನ. ನಿಜಾಮರು ಮಂಜೀರಾ ನದಿಗೆ ನಿಜಾಮಸಾಗರ ಕಟ್ಟಿಸಿ, ಆ ನೀರಿನ ಕಬ್ಬಿಗಾಗಿ ಬೋಧನದಲ್ಲಿ ದೊಡ್ಡ ಕಾರ್ಖಾನೆ ತೆರೆದರು. ಅದರ ಸುತ್ತಲಿನ ಊರಿಗೆ ಶಕ್ಕರನಗರವೆಂದೇ ಹೆಸರು. ಒಂದು ಕಾಲಕ್ಕೆ ಏಷ್ಯಾದ ದೊಡ್ಡ ಕಾರ್ಖಾನೆಗಳಲ್ಲಿ ಒಂದೆನಿಸಿದ್ದ ಅದಕ್ಕೆ 2015ರ ಕೊನೆಯಲ್ಲಿ ಬೀಗ ಬಿತ್ತು.

ಆದರೆ ದೇವದುರ್ಗದ ನಾಲಿಗೆಯನ್ನು ಬದಲಿಸಿದ್ದು ಸಕ್ಕರೆ ಕಾರ್ಖಾನೆಗಿಂತ ಕಾಲುವೆ ಅನಿಸುತ್ತದೆ ನನಗೆ. ಮಾನ್ವಿ, ಸಿಂಧನೂರಿನ ಕಡೆ ತುಂಗಭದ್ರೆಯ ಎಡದಂಡೆ ಕಾಲುವೆ ಮೊದಲೇ ಬಂದಿತ್ತು. ನಾರಾಯಣಪುರದ ಬಸವಸಾಗರದಿಂದ ಬಲದಂಡೆ ಕಾಲುವೆ ನಮ್ಮ ತಾಲೂಕಿಗೂ ಬಂದ ಮೇಲೆ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಕೈಯಲ್ಲಿ ದುಡ್ಡು ಬಂತು, ಸಂತೋಷವೇ. ಎರಡು ಹೊತ್ತು ರೊಟ್ಟಿ ತಿನ್ನುತ್ತಿದ್ದ ಮನೆಯಲ್ಲಿ ಎರಡು ಹೊತ್ತು ಅನ್ನ ಬೆಂದಿತು. ರೊಟ್ಟಿ ಬಡಿಯುವ ಕೈಗೂ ಬಿಡುವಾಯಿತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಹೊಗೆಯಲ್ಲಿ ಕೂತು ಇಪ್ಪತ್ತು ರೊಟ್ಟಿ ಬಡಿದವಳಿಗೇ ಗೊತ್ತು ಅದರ ಸುಖದುಃಖ. ಬಸ್‌ಸ್ಟ್ಯಾಂಡಿನ ಸುತ್ತ ಚಹಾದಂಗಡಿ, ಬೇಕರಿಗಳು ಎದ್ದವು. ಸಕ್ಕರೆ ಡಬ್ಬಿ ಮೇಲಿನ ಮಾಡದಿಂದ ಇಳಿದು ಒಲೆಯ ಪಕ್ಕಕ್ಕೆ ಬಂತು. ಅದು ಇಳಿದ ವರ್ಷ ಯಾವುದೆಂದು ಯಾರೂ ಬರೆದಿಡಲಿಲ್ಲ.

ಅವ್ವನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದದ್ದು 1998ರಲ್ಲಿ, ಕಾಲಿನ ಗಾಯ ಮಾಯದೆ ಹೋದಾಗ. ನಮಗೆ ನಂಬಲಿಕ್ಕಾಗಲಿಲ್ಲ. ಜೀವಮಾನವೆಲ್ಲ ಬಂದವರಿಗೆ ಸಕ್ಕರೆ ಹಾಕಿಕೊಟ್ಟು ತಾನು ಬೆಲ್ಲದ ಚಹಾ ಕುಡಿದವಳಿಗೆ ಸಕ್ಕರೆ ಕಾಯಿಲೆಯೇ? ಡಾಕ್ಟರು ಎರಡೇ ಮಾತು ಹೇಳಿ ಚೀಟಿ ಬರೆದರು: ಮಾತ್ರೆ ನುಂಗಿಸಿ, ಸಕ್ಕರೆ ಬಿಡಿಸಿ. ನಾವು ಅಕ್ಷರಶಃ ಅದನ್ನೇ ಮಾಡಿದೆವು. ಚಹಾದ ಸಕ್ಕರೆ ನಿಲ್ಲಿಸಿ, ಬೆಲ್ಲ ಒಳ್ಳೆಯದೆಂದು ಬೆಲ್ಲ ಕೊಟ್ಟೆವು. ತಾಟಿನ ತುಂಬ ಬಿಳಿ ಅನ್ನ ಬಡಿಸಿದೆವು. ಬಿ.ಎ., ಬಿ.ಎಡ್. ಓದಿದ ನನಗೆ, ಬೆಲ್ಲದಲ್ಲೂ ಹೆಚ್ಚಿನ ಪಾಲು ಸಕ್ಕರೆಯೇ, ಅನ್ನವೂ ಹೊಟ್ಟೆಯಲ್ಲಿ ಸಕ್ಕರೆಯಾಗಿಯೇ ರಕ್ತ ಸೇರುತ್ತದೆ ಎಂಬುದು ಹೊಳೆಯಲಿಲ್ಲ. ಬೆಲ್ಲದಲ್ಲಿ ಒಂದಿಷ್ಟು ಖನಿಜವಿದೆ ನಿಜ, ರಕ್ತದೊಳಗೆ ಹೋದ ಮೇಲೆ ಅದರ ಸಿಹಿಗೂ ಸಕ್ಕರೆಯ ಸಿಹಿಗೂ ಅಂಥ ಭೇದವೇನಿಲ್ಲ. ಎರಡು ವರ್ಷದಲ್ಲಿ ಬಲಗಾಲಿನ ಒಂದು ಬೆರಳು ಹೋಯಿತು.

2006ರ ಒಂದು ರಾತ್ರಿ ಮರೆಯಲಾರೆ. ಅಂದು ಏಕಾದಶಿ, ಅವ್ವ ಊಟ ಬಿಟ್ಟಿದ್ದಳು, ಮಾತ್ರೆ ಮಾತ್ರ ನಿಷ್ಠೆಯಿಂದ ನುಂಗಿದ್ದಳು. ಮಧ್ಯರಾತ್ರಿ ನೀರು ಕುಡಿಯಲು ಎದ್ದಾಗ ನೋಡುತ್ತೇನೆ, ಮೈಯೆಲ್ಲ ಬೆವರಿ ಸೀರೆ ತೊಯ್ದಿದೆ, ಏನೋ ಬಡಬಡಿಸುತ್ತಿದ್ದಾಳೆ, ನನ್ನ ಗುರುತು ಹತ್ತುತ್ತಿಲ್ಲ. ಓಣಿಯ ಕಾಂಪೌಂಡರ್ ಒಬ್ಬರು ಓಡಿಬಂದವರೇ, "ನುಂಗಾಕ ಬರ್ತದಲ್ಲ? ಸಕ್ಕರಿ ನೀರು ಕುಡಸ್ರಿ, ಜಲ್ದಿ" ಎಂದರು. ಅವ್ವನ ಕೈಗೆ ಸಿಗಬಾರದೆಂದು ಡಬ್ಬಿಯನ್ನು ನಾನೇ ಮತ್ತೆ ಮೇಲಿನ ಮಾಡದಲ್ಲಿ ಇಟ್ಟಿದ್ದೆ. ಕತ್ತಲೆಯಲ್ಲಿ ಸ್ಟೂಲು ಹತ್ತಿ ಇಳಿಸುವಾಗ ಅರ್ಧ ಸಕ್ಕರೆ ನೆಲದ ಪಾಲಾಯಿತು. ನಾಲ್ಕು ಚಮಚ ನೀರಿನಲ್ಲಿ ಕದಡಿ ಗುಟುಕು ಗುಟುಕಾಗಿ ಕುಡಿಸಿದೆ. ಕಾಲು ತಾಸಿನಲ್ಲಿ ಅವ್ವ ಕಣ್ಣು ಬಿಟ್ಟು, "ಸಕ್ಕರಿ ಹಾಕೀದೇನು? ರುಚಿ ಆಗ್ಯದ" ಎಂದಳು. ಆಮೇಲೆ ತಿಳಿಯಿತು, ಮಾತ್ರೆ, ಇಂಜೆಕ್ಷನ್ ತೆಗೆದುಕೊಳ್ಳುವವರು ಉಪವಾಸ ಮಾಡಿದರೆ, ಕೇಳದೆ ಊಟ ಇಳಿಸಿದರೆ ರಕ್ತದ ಸಕ್ಕರೆ ತಳ ಕಂಡು ಪ್ರಾಣಕ್ಕೇ ಬರುತ್ತದೆ. ಇದನ್ನು ಅಂಥ ಹಿರಿಯರಿರುವ ಮನೆಯವರಿಗೆಂದೇ ಬರೆಯುತ್ತಿದ್ದೇನೆ. ಮನೆಯಲ್ಲಿ ಯಾರೂ ಸಕ್ಕರೆ ತಿನ್ನದಿದ್ದರೂ ಒಂದು ಚೂರು ಕೈಗೆಟುಕುವಲ್ಲಿ ಇರಲಿ.

ಅವ್ವ 2011ರಲ್ಲಿ ಹೋದಳು. ಹೋಗುವ ಮುಂಚಿನ ವಾರ, "ಒಂದ್ ಚಮಚ ಹಾಕು ಮಗಳ, ಏನಾಗ್ತದ ಇನ್ನ" ಎಂದು ಕೇಳಿದಳು. ನಾನು ಹಾಕಲಿಲ್ಲ. ನಿಯಮ ನಿಯಮವೇ ಎಂಬ ಮಾಸ್ತರಿಕೆ. ಆಗ ಹಾಕಿದ್ದರೆ ಏನೂ ಆಗುತ್ತಿರಲಿಲ್ಲ ಎಂದು ಈಗ ಗೊತ್ತು.

ನನ್ನ ಸರದಿ 2021ರಲ್ಲಿ ಬಂತು. ಮೂರು ತಿಂಗಳ ಸರಾಸರಿ ಹೇಳುವ ರಕ್ತ ಪರೀಕ್ಷೆಯಲ್ಲಿ 6.3. 5.7ರಿಂದ 6.4ರ ನಡುವೆ ಇದ್ದರೆ ಅಂಚಿನಲ್ಲಿದ್ದೀರಿ ಎಂದರ್ಥ, 6.5 ಆದರೆ ಆಚೆ ದಡ. ನಾನೊಬ್ಬಳೇ ಅಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಮಧುಮೇಹಿಗಳು, 13 ಕೋಟಿಗೂ ಮೇಲೆ ನನ್ನಂತೆ ಅಂಚಿನವರು. ಮನೆಗೆ ಬಂದು ಕಿರಾಣಿ ಚೀಟಿ ತೆಗೆದೆ. ಐದು ಜನರ ಮನೆಗೆ ತಿಂಗಳಿಗೆ ಆರು ಕಿಲೋ ಸಕ್ಕರೆ. ತಲೆಗೆ ದಿನಕ್ಕೆ 40 ಗ್ರಾಂ. ಬಿಸ್ಕೀಟು, ಬೇಕರಿ, ಹೋಳಿಗೆಯ ಬೆಲ್ಲ ಬೇರೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು, ಬೆರೆಸಿದ ಸಕ್ಕರೆ 25 ಗ್ರಾಮಿಗೆ, ಅಂದರೆ ಆರು ಚಮಚಕ್ಕೆ ಇಳಿದರೆ ಒಳಿತು ಎಂದು. ನನ್ನ ಚಹಾದಲ್ಲೇ ಎಂಟು ಚಮಚ ಇತ್ತು: ಮನೆಯಲ್ಲಿ ಎರಡು ಸಲ, ಶಾಲೆಯಲ್ಲಿ ಎರಡು ಸಲ.

ಒಮ್ಮೆಲೇ ಬಿಟ್ಟೆ. ಅದು ತಪ್ಪು ದಾರಿ ಎನ್ನುವವರಿದ್ದಾರೆ, ನನ್ನ ಸ್ವಭಾವಕ್ಕೆ ಅದೇ ಸರಿ. ಮೊದಲ ಹತ್ತು ದಿನ ತಲೆ ಸಿಡಿಯಿತು, ಏಳನೇ ತರಗತಿಯ ಮಕ್ಕಳು ನನ್ನ ಕೈಯಲ್ಲಿ ಸುಮ್ಮಸುಮ್ಮನೆ ಬೈಸಿಕೊಂಡರು. ಸಪ್ಪೆ ಚಹಾ ಔಷಧಿಯಂತೆ ಗುಟುಕರಿಸಿದೆ. ಮೂರನೆಯ ತಿಂಗಳಲ್ಲಿ ವಿಚಿತ್ರ ಆಯಿತು: ಬರೀ ಹಾಲು ಸಿಹಿ ಅನಿಸತೊಡಗಿತು. ಗಜ್ಜರಿ, ಉಳ್ಳಾಗಡ್ಡಿ, ಜೋಳದ ರೊಟ್ಟಿ ಅಗಿದರೆ ಅದರಲ್ಲೂ ಸಿಹಿ. ಸಹೋದ್ಯೋಗಿಯ ಮಗಳ ಮದುವೆಯಲ್ಲಿ ಜಿಲೇಬಿ ಬಾಯಿಗಿಟ್ಟರೆ ಗಂಟಲು ಕಟ್ಟಿತು. ಮಧ್ಯಾಹ್ನ ನಾಲ್ಕನೇ ಪಿರಿಯಡ್ಡಿನಲ್ಲಿ ಬರುತ್ತಿದ್ದ ಜೋಂಪು ಕಡಿಮೆಯಾಯಿತು. ವರ್ಷದ ಕೊನೆಗೆ ತೂಕ 71ರಿಂದ 65ಕ್ಕೆ, ಆ 6.3 ಎಂಬುದು 5.8ಕ್ಕೆ ಇಳಿಯಿತು. ಇದೆಲ್ಲ ಸಕ್ಕರೆ ಬಿಟ್ಟದ್ದರಿಂದಲೇ ಎಂದು ನಾನು ಹೇಳಲಾರೆ. ಅನ್ನವನ್ನು ಒಂದು ಹೊತ್ತಿಗೆ ಇಳಿಸಿದ್ದೆ, ಬೆಳಿಗ್ಗೆ ಕೋಟೆಯ ಕಡೆಗೆ ನಲವತ್ತು ನಿಮಿಷ ನಡೆಯುತ್ತಿದ್ದೆ. ಸುಶ್ರುತನ ನೂರು ಯೋಜನ ಅಲ್ಲದಿದ್ದರೂ ಅಷ್ಟಿಷ್ಟು. ಸಕ್ಕರೆಯ ಅರ್ಧ ಪಾಲು ಫ್ರಕ್ಟೋಸ್. ಅದನ್ನು ಅರಗಿಸುವ ಭಾರ ಬಹುಪಾಲು ಯಕೃತ್ತಿನ ಮೇಲೆ, ಹೆಚ್ಚಾದದ್ದನ್ನು ಅದು ಕೊಬ್ಬಾಗಿಸುತ್ತದೆ. ಆ ಭಾರ ಇಳಿಯಿತಷ್ಟೆ. ಸಿಹಿ ಮಾತ್ರೆಗಳ ತಂಟೆಗೆ ಹೋಗಲಿಲ್ಲ. ತೂಕ ಇಳಿಸಲು ಅವನ್ನು ನೆಚ್ಚಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಅಲ್ಲದೆ ನಾಲಿಗೆಯ ಚಟ ಹಾಗೇ ಉಳಿಯುತ್ತದಲ್ಲ.

ಈ ನಡುವೆ 2024ರ ಕೊನೆಗೆ ಓದಿದ ಒಂದು ಸುದ್ದಿ ನನ್ನನ್ನು ಮತ್ತೆ ಆ ಮಾಡದ ಹತ್ತಿರ ಕರೆದೊಯ್ದಿತು. ಯುದ್ಧಕಾಲದಲ್ಲಿ ಬ್ರಿಟನ್ನಿನಲ್ಲೂ ಸಕ್ಕರೆಗೆ ರೇಷನ್ ಇತ್ತು, 1940ರಿಂದ 1953ರ ಸೆಪ್ಟೆಂಬರಿನ ತನಕ. ಆಗ ಅಲ್ಲಿನವರು ತಿನ್ನುತ್ತಿದ್ದದ್ದು ತಲೆಗೆ ದಿನಕ್ಕೆ ಸುಮಾರು 40 ಗ್ರಾಂ. ರೇಷನ್ ತೆಗೆದ ಮೇಲೆ ಅದು ಬಹುಬೇಗ 80ರ ಹತ್ತಿರಕ್ಕೆ ಹೋಯಿತು. ತಾದೆಯಾ ಗ್ರಾಚ್ನರ್ ಎಂಬ ಸಂಶೋಧಕಿ ಮತ್ತು ಜೊತೆಗಾರರು, ಆ ಗೆರೆಯ ಆಚೆ ಈಚೆ ಹುಟ್ಟಿದ ಸುಮಾರು 60 ಸಾವಿರ ಜನರ ದಾಖಲೆ ತೆಗೆದು ನೋಡಿದರು. ಹೊಟ್ಟೆಯಲ್ಲಿದ್ದಾಗ ಮತ್ತು ಮೊದಲೆರಡು ವರ್ಷ ರೇಷನ್ನಿನ ಸಕ್ಕರೆಯಲ್ಲಿ ಬೆಳೆದವರಿಗೆ, ಐವತ್ತು ಅರವತ್ತು ವರ್ಷಗಳಾದ ಮೇಲೆ ಮಧುಮೇಹದ ಅಪಾಯ ಸುಮಾರು 35 ಪಾಲು, ರಕ್ತದೊತ್ತಡದ ಅಪಾಯ 20 ಪಾಲು ನೂರಕ್ಕೆ ಕಡಿಮೆ. ಯಾರೂ ಅವರಿಗೆ ಪಥ್ಯ ಹೇಳಿರಲಿಲ್ಲ. ಅಂಗಡಿಯಲ್ಲಿ ಸಿಗುತ್ತಿರಲಿಲ್ಲ, ಅಷ್ಟೆ. ತಾಯಂದಿರು ಶಪಿಸುತ್ತ ಸಾಲಿನಲ್ಲಿ ನಿಂತಿದ್ದರು.

ಅದನ್ನೋದಿ ನಾನು ಯೋಚಿಸಿದ್ದು ನಮ್ಮ ಕುಬಸದ ಬಗ್ಗೆ. ಬಸುರಿಯ ಉಡಿ ತುಂಬಿ, ಬಯಕೆ ಎಂದು ಐದು ತರಹದ ಸಿಹಿ ಬಾಯಿಗೆ ತುರುಕುತ್ತೇವೆ. ಹುಟ್ಟಿದ ಕೂಸಿಗೆ ತಾಯಿಯ ಹಾಲಿಗೂ ಮೊದಲು ಸಕ್ಕರೆ ನೀರಿನ ಬತ್ತಿ ಚೀಪಿಸುವ ಅಜ್ಜಿಯರು ಇನ್ನೂ ಇದ್ದಾರೆ. ಒಂದು ದಿನದ ಹೋಳಿಗೆಯಿಂದ ಏನೂ ಕೆಡುವುದಿಲ್ಲ, ಕುಬಸ ನಿಲ್ಲಿಸಿ ಎಂದು ನಾನು ಹೇಳುವವಳಲ್ಲ. ಆಮೇಲಿನ ಮುನ್ನೂರು ದಿನ ಗ್ಲೂಕೋಸ್ ಬಿಸ್ಕೀಟನ್ನು ಹಾಲಿಗೆ ಅದ್ದಿ ಕೂಸಿಗೆ ತಿನ್ನಿಸುತ್ತೇವಲ್ಲ, ನನ್ನ ಜಗಳ ಅದರ ಜೊತೆ.

ಶಾಲೆಯ ಮಾತು ಬೇರೆ. ನಮ್ಮ ಜಿಲ್ಲೆ ಅಪೌಷ್ಟಿಕತೆಗೆ ಹೆಸರಾದದ್ದು. ಮೊಟ್ಟೆ ತಿನ್ನದ ಮಕ್ಕಳಿಗೆಂದು ಶೇಂಗಾ ಚಿಕ್ಕಿ ಕೊಡುತ್ತಿದ್ದರು. 2025ರ ಆರಂಭದಲ್ಲಿ, ಸಕ್ಕರೆ ಹೆಚ್ಚೆಂಬುದೂ ಒಂದು ಕಾರಣವಾಗಿ ಅದನ್ನು ನಿಲ್ಲಿಸಿದರು. ಅದೇ ವರ್ಷದ ಮೇ ತಿಂಗಳಲ್ಲಿ ಸಿಬಿಎಸ್‌ಇಯವರು ತಮ್ಮ ಶಾಲೆಗಳಲ್ಲಿ, ಯಾವ ತಿನಿಸಿನಲ್ಲಿ ಎಷ್ಟು ಸಕ್ಕರೆ ಎಂದು ತೋರಿಸುವ ಫಲಕ ಹಾಕಲು ಸೂಚಿಸಿದರು. ಫಲಕ ಒಳ್ಳೆಯದೇ. ಆದರೆ ಬೆಳಿಗ್ಗೆ ಏನೂ ತಿನ್ನದೆ ಹತ್ತಿ ಬಿಡಿಸಿ ಶಾಲೆಗೆ ಬರುವ ಹುಡುಗಿಯ ಕೈಯಲ್ಲಿದ್ದ ಶೇಂಗಾ ಚಿಕ್ಕಿ ನನಗೆ ಎಂದೂ ಶತ್ರುವಾಗಿ ಕಾಣಲಿಲ್ಲ. ಸಕ್ಕರೆ ಕಡಿಮೆ ಮಾಡು ಎಂಬ ಮಾತನ್ನು ಹೊಟ್ಟೆ ತುಂಬಿದ ನನಗೆ ಹೇಳಬಹುದು, ಆಕೆಗೆ ಹೇಗೆ ಹೇಳಲಿ?

ನಾನೂ ನಮ್ಮ ತರಗತಿಯಲ್ಲಿ ಫಲಕ ಹಾಕಲಿಲ್ಲ. ಮಕ್ಕಳ ಕೈಯಲ್ಲಿ ಅವರವರ ಅಜ್ಜಿಯರನ್ನು ಕೇಳಿಸಿದೆ: ನೀವು ಸಣ್ಣವರಿದ್ದಾಗ ಮನೆಯಲ್ಲಿ ಸಕ್ಕರೆ ಎಲ್ಲಿಡುತ್ತಿದ್ದರು? ಮೂವತ್ತೊಂದು ಉತ್ತರ ಬಂದವು. ಪೆಟ್ಟಿಗೆಯಲ್ಲಿ, ಅಟ್ಟದ ಮೇಲೆ, ಅತ್ತೆಯ ಸೆರಗಿನ ಗಂಟಿನಲ್ಲಿ, ದೇವರ ಹಿಂದೆ. ನಾಲ್ಕು ಮಂದಿ ಅಜ್ಜಿಯರು, ನಮ್ಮನೆಯಲ್ಲಿ ಸಕ್ಕರೆ ಇರಲೇ ಇಲ್ಲ ಎಂದಿದ್ದರು.

ಹಳೆಯ ಮನೆ ಈಗ ತಮ್ಮನದು, ಮಾಡಗಳನ್ನು ಮುಚ್ಚಿ ಟೈಲ್ಸ್ ಹಾಕಿಸಿದ್ದಾನೆ. ಹಿತ್ತಾಳೆಯ ಡಬ್ಬಿ ನನ್ನ ಬಳಿ ಇದೆ, ಸೂಜಿ ದಾರ ಇಟ್ಟಿದ್ದೇನೆ. ಅವ್ವನ ಕಟ್ಟಿಗೆಯ ಅಚ್ಚುಗಳೂ ಇವೆ. ಈ ಸಲ ಗೌರಿ ಹುಣ್ಣಿಮೆಗೆ ಮೊಮ್ಮಗಳನ್ನು ಕೂಡಿಸಿಕೊಂಡು ಕಾಲು ಕಿಲೋ ಸಕ್ಕರೆಯ ಪಾಕ ಹೊಯ್ದು ಆರು ಗೊಂಬೆ ಮಾಡಿದೆ. ಆಕೆ ಆನೆಯ ಸೊಂಡಿಲು ಮುರಿದು ಬಾಯಿಗಿಟ್ಟುಕೊಂಡು, ಸ್ವಲ್ಪ ಹೊತ್ತಿಗೆ, "ಭಾಳ ಸಿವಿ ಅದ ಅಮ್ಮ" ಎಂದು ಉಳಿದದ್ದನ್ನು ನನ್ನ ಅಂಗೈಯಲ್ಲಿಟ್ಟು ಆಡಲು ಓಡಿದಳು.